ತೆರೆಯ ಮೇಲಿನ ಮಲೆನಾಡು: ಕೆಲವು ಸಿನಿಮಾಗಳಲ್ಲಿ ನಂಬಿಕೆ ಬರುತ್ತೆ, ಸೀರಿಯಲ್‌ಗಳಲ್ಲಿ ಯಾಕೆ ಬರಲ್ಲ?

ತುಂಗೆದಂಡೆ, ತೀರ್ಥಹಳ್ಳಿ

‘ಶಾಖಾಹಾರಿ’, ‘ಕೆರೆಬೇಟೆ’ ಎರಡೂ 2024ರಲ್ಲಿ ಒಂದರ ಹಿಂದೆ ಒಂದು ಬಂದವು. ಒಂದರಲ್ಲಿ ರಂಗಾಯಣ ರಘು ಅವರ ಸುಬ್ಬಣ್ಣ, ಅವನ ಸಣ್ಣ ಹೋಟೆಲು. ಇನ್ನೊಂದರಲ್ಲಿ ಕಾಡು, ಕೆರೆ, ಮೀನು, ಜಗಳ. ನೋಡ್ತಾ ನೋಡ್ತಾ ‘ಇದು ನಮ್ಮ ಕಡೆಯದೇ’ ಅನ್ನಿಸುತ್ತೆ. ಸಂಜೆ ಟಿವಿಯಲ್ಲಿ ಬರುವ ‘ಮಲೆನಾಡಿನ ಮನೆ’ಗಳಲ್ಲೂ ಕಂಬದ ಜಗುಲಿ ಇದೆ, ಅಡಿಕೆ ತೋಟ ಇದೆ, ಮಳೆಯೂ ಸುರಿಯುತ್ತೆ. ಆದ್ರೆ ಎರಡು ನಿಮಿಷಕ್ಕೇ ಮನಸ್ಸು ಒಪ್ಪಲ್ಲ.

ಎಲ್ಲಿ ತಪ್ಪುತ್ತೆ ಅಂತ ಗೊತ್ತಿರೋರು ಬಿಡಿಸಿ ಹೇಳ್ತೀರಾ? ‘ದುಡ್ಡಿಲ್ಲ’ ಅನ್ನೋ ಒಂದೇ ಉತ್ತರ ಬೇಡ. ನಮ್ಮ ಬಳಗದವರು ಆರಿದ್ರೆ ಮಳೆ ಹೊತ್ತಿಗೆ ಮೇಗರವಳ್ಳಿ ಕಡೆ 15 ನಿಮಿಷದ ಕಿರುಚಿತ್ರ ತೆಗೀಬೇಕು ಅಂತಿದ್ದಾರೆ. ಇರೋದು ಒಂದು ಕ್ಯಾಮೆರಾ, ಒಂದು ಬೂಮ್ ಮೈಕು (ಕೋಲಿಗೆ ಕಟ್ಟಿ ನಟರ ತಲೆ ಹತ್ತಿರ ಹಿಡಿಯೋದು), 100 ವ್ಯಾಟಿನ ಎರಡು ಎಲ್‌ಇಡಿ ಲೈಟು. ಅಷ್ಟರಲ್ಲಿ ಏನನ್ನು ಸರಿಯಾಗಿ ಮಾಡಬಹುದು?

ಹಿಂಬೆಳಕು, ಸಾಗರ

ಮಳೆಯಿಂದಲೇ ಶುರು ಮಾಡೋಣ. ಕಣ್ಣಿಗೆ ಕಾಣುವ ಮಳೆ ಕ್ಯಾಮೆರಾಕ್ಕೆ ಕಾಣಲ್ಲ. ಹಿಂದೆ ಬಿಳಿ ಆಕಾಶ ಇದ್ರೆ ಎಷ್ಟೇ ಜೋರು ಸುರಿದರೂ ತೆರೆ ಮೇಲೆ ನೆಲ ಒದ್ದೆ ಅಷ್ಟೇ, ಹನಿ ಇಲ್ಲ. ಹನಿ ಕಾಣೋಕೆ ಎರಡು ಬೇಕು: ಅದರ ಹಿಂದೆ ಕಪ್ಪು, ಮತ್ತು ಹನಿಯ ಹಿಂಬದಿಯಿಂದ ಓರೆಯಾಗಿ ಬರುವ ಬೆಳಕು. ತೋಟದ ನೆರಳು, ಕೊಟ್ಟಿಗೆಯ ತೆರೆದ ಬಾಗಿಲು, ಹಲಸಿನ ಮರದ ಬುಡ ಹಿಂದೆ ಬರುವ ಹಾಗೆ ಕ್ಯಾಮೆರಾ ಇಡಿ. ಒಂದು ಲೈಟನ್ನು ಸೂರಿನ ಕೆಳಗೆ, ನಟರ ಹಿಂದೆ ಪಕ್ಕಕ್ಕೆ, ಚೌಕಟ್ಟಿನಿಂದ ಹೊರಗಿಡಿ. ಎದುರಿಂದ ಲೈಟ್ ಬಿಟ್ರೆ ಮಳೆ ಮಾಯ. ಷಟರ್ ವೇಗ 1/50 ಸೆಕೆಂಡಿನಲ್ಲಿ ಇರಲಿ. ಹನಿ ಗೆರೆಯಾಗಿ ಬೀಳುತ್ತೆ, ನಮ್ಮ 50 ಹರ್ಟ್ಸ್ ಕರೆಂಟಿನ ಬಲ್ಬೂ ಮಿಣುಕಲ್ಲ. 1/500ಕ್ಕೆ ಹೋದ್ರೆ ಹನಿ ಗಾಳಿಯಲ್ಲಿ ಚುಕ್ಕಿಯಾಗಿ ನಿಲ್ಲುತ್ತೆ, ನೋಡೋಕೆ ಮಳೆ ಥರ ಇರಲ್ಲ.

ಸೀರಿಯಲ್ ಮಳೆ ಯಾಕೆ ಸುಳ್ಳು ಅನ್ನಿಸುತ್ತೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಅಂದ್ರೆ ಒಂದು ಲೀಟರ್ ನೀರು. 10 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳಕ್ಕೆ ಗಂಟೆಗೆ 50 ಮಿ.ಮೀ. ಮಳೆ ಬರಿಸೋಕೆ 5,000 ಲೀಟರ್, ಹೆಚ್ಚುಕಮ್ಮಿ ಒಂದು ಟ್ಯಾಂಕರ್. ಅದೂ ಅಂಗಳಕ್ಕೆ ಮಾತ್ರ. ಹಿಂದಿನ ತೋಟ, ರಸ್ತೆ, ಪಕ್ಕದ ಮನೆ ಹಂಚು ಎಲ್ಲ ಒಣಗಿಯೇ ಇರುತ್ತೆ. ಅದಕ್ಕೇ ಚೌಕಟ್ಟನ್ನು ಬಿಗಿ ಮಾಡ್ತಾರೆ. ಮಳೆ ಮುಖದ ಮುಂದೆ ಮಾತ್ರ ಬೀಳುತ್ತೆ. ಬಿಸಿಲಲ್ಲಿ ತೆಗೆದಿದ್ರೆ ಒದ್ದೆ ನೆಲದ ಮೇಲೆ ನೆರಳೂ ಚೂಪಾಗಿ ಬಿದ್ದಿರುತ್ತೆ. ಪುನರ್ವಸು ಮಳೆಯಲ್ಲಿ ಮನುಷ್ಯನಿಗೆ ನೆರಳೇ ಇರಲ್ಲ, ನೋಡುವವರಿಗೆ ಅದು ಹೇಳದೆಯೂ ಗೊತ್ತಾಗುತ್ತೆ.

ಕಾಸರವಳ್ಳಿಯವರ ‘ದ್ವೀಪ’ ಇನ್ನೊಮ್ಮೆ ನೋಡಿ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ. ಅಲ್ಲಿ ಮಳೆ ನಟರ ಮೇಲಷ್ಟೇ ಅಲ್ಲ, ಗುಡ್ಡ, ಹಿನ್ನೀರು, ದೂರದ ದಡ ಎಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿದೆ. ನೀರು ಏರ್ತಿದೆ ಅನ್ನೋ ಭಯ ಹುಟ್ಟೋದು ಅಲ್ಲಿಂದ. ನೀವು ಮೇಗರವಳ್ಳಿಯಲ್ಲಿ ತೆಗೀತಿದ್ದೀರಿ ಅಂದ್ರೆ ಆ ಬೂದು ನಿಮಗೆ ಪುಕ್ಕಟೆ ಸಿಗುತ್ತೆ. ಪಕ್ಕದ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಬೀಳುತ್ತೆ. ದೂರದ ಶಾಟ್ ಇಟ್ಟುಕೊಳ್ಳಿ, ಹೆದರಬೇಡಿ.

ಒಂದು ಎಚ್ಚರ. ತಣ್ಣಗಿನ ಅಂಗಳದಿಂದ ಒಲೆ ಉರಿಯುವ ಅಡುಗೆಮನೆಗೆ ಕ್ಯಾಮೆರಾ ತಂದ ಕೂಡಲೇ ಲೆನ್ಸ್ ಮಂಜು ಕಟ್ಟುತ್ತೆ. ಮುಚ್ಚಿದ ಚೀಲದಲ್ಲೇ 20–30 ನಿಮಿಷ ಒಳಗಿಟ್ಟು, ಗಾಜು ಕೋಣೆಯ ಬಿಸಿಗೆ ಬಂದ ಮೇಲೆ ತೆಗೀರಿ. ಒರೆಸಿದ್ರೆ ಮತ್ತೆ ಕಟ್ಟುತ್ತೆ. ರಾತ್ರಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲದಿದ್ರೆ ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿಗೆ ಬೂಸ್ಟು.

ದಬ್ಬೆಸಂಕ, ಹೊಸನಗರ

ಹಿಂಬೆಳಕು ಅವರು ಹೇಳಿದ್ದು ಸರಿ, ಆದ್ರೆ ಮಳೆ ಸರಿಯಿದ್ದೂ ಮನೆ ಸುಳ್ಳಾಗಿ ಕಾಣೋದು ಇದೆ. ಕಾರಣ: ಆ ಮನೆಯಲ್ಲಿ ಯಾರಿಗೂ ಕೆಲಸ ಇಲ್ಲ. ಇದ್ರೂ ಆ ತಿಂಗಳ ಕೆಲಸ ಅಲ್ಲ.

ಸೀರಿಯಲ್‌ನಲ್ಲಿ ಜಡಿಮಳೆ ಸುರೀತಾ ಇರುತ್ತೆ, ಜಗುಲಿಯಲ್ಲಿ ಹೆಂಗಸರು ಅಡಿಕೆ ಸುಲೀತಾ ಇರ್ತಾರೆ. ಜುಲೈಯಲ್ಲಿ ಅಡಿಕೆ ಕೊನೆಯ (ಗೊನೆಯ) ಕಾಯಿ ಇನ್ನೂ ಎಳಸು. ಕೊನೆಕೊಯ್ಲು, ಮೆಟ್ಟುಗತ್ತಿಯಲ್ಲಿ ಸುಲಿಯೋದು, ಹಂಡೆಯಲ್ಲಿ ಬೇಯಿಸೋದು, ಅಂಗಳದ ಅಟ್ಟದಲ್ಲಿ ಒಣಗಿಸೋದು, ಇವೆಲ್ಲ ಮಳೆ ಹಿಂದೆ ಸರಿದ ಮೇಲಿನ ಮಾತು. ಬೇಯಿಸಿದ ಅಡಿಕೆಗೆ ಬಿಸಿಲು ಬೇಕಲ್ಲ! ಮಳೆಗಾಲದ ತೋಟದ ಚಿಂತೆ ಅಂದ್ರೆ ಕೊಳೆರೋಗ. ಮುಂಗಾರಿಗೆ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೀಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನೇ ಸಲಕ್ಕೆ ಹೊಳವು (ಮಳೆಯ ಬಿಡುವು) ಸಿಗದೆ, ಔಷಧಿ ಹೊಡೆಯುವವರೂ ಸಿಗದೆ ಮನೆಯ ಯಜಮಾನ ಆಕಾಶ ನೋಡ್ತಾ ಕೂತಿರ್ತಾನೆ. ಕಥೆಯಲ್ಲಿ ಸಾಲ, ಮದುವೆ, ಪಾಲುಪಟ್ಟಿ ಏನೇ ಇರಲಿ, ಆ ಕಾಯುವಿಕೆ ಅದರ ಕೆಳಗೆ ಇರಬೇಕು. ಅದು ಗೊತ್ತಿಲ್ಲದೆ ಬರೆದ ಸಂಭಾಷಣೆ ಎಲ್ಲಿ ಬೇಕಾದರೂ ನಡೆಯಬಹುದು.

‘ಕೆರೆಬೇಟೆ’ ಗಟ್ಟಿಯಾಗಿ ನಿಲ್ಲೋದು ಇದಕ್ಕೇ. ಬೇಸಿಗೆಯಲ್ಲಿ ನೀರು ಇಳಿದ ಕೆರೆಗೆ ಊರಿಗೆ ಊರೇ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ಇಳಿಯೋದು ಸೊರಬ, ಸಾಗರದ ಕಡೆ ನಿಜವಾಗಿ ನಡೆಯುವ ಬೇಟೆ. ಸಿನಿಮಾ ಅದನ್ನು ಚಂದಕ್ಕೆ ತಂದು ಅಂಟಿಸಿಲ್ಲ. ಊರಲ್ಲಿ ಯಾರು ಯಾರ ಪಕ್ಕ, ಯಾರು ಯಾರಿಗೆ ಕಡಮೆ ಅನ್ನೋದೆಲ್ಲ ಆ ಕೆಸರಲ್ಲೇ ಬಿಚ್ಚಿಕೊಳ್ಳುತ್ತೆ. ಕಡೆಯ ಭಾಗ ಸ್ವಲ್ಪ ಎಳೆದಾಡಿದೆ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಮಾತಿನ ಧಾಟಿ ಎಲ್ಲೂ ಬಿಟ್ಟುಹೋಗಿಲ್ಲ.

ನಿಮ್ಮ ಕಿರುಚಿತ್ರಕ್ಕೆ ಖರ್ಚಿಲ್ಲದ ಕೆಲವು ಸಂಗತಿ. ಅಂಗಳದಲ್ಲಿ ಪಾಚಿ ಕಟ್ಟಿರುತ್ತೆ, ನಡೆಯೋಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಿರ್ತಾರೆ. ನಟರು ಅದರ ಮೇಲೇ ಕಾಲಿಟ್ಟು ನಡೀಬೇಕು. ಇರಚಲು ಹೊಡೆಯುವ ಕಡೆ ಸೋಗೆ ತಟ್ಟಿಯೋ ನೀಲಿ ಪ್ಲಾಸ್ಟಿಕ್ಕೋ ಕಟ್ಟಿರಲಿ. ಬಟ್ಟೆ ಒಣಗೋದು ಹೊರಗಲ್ಲ, ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ. ಹೊರಗಿಂದ ಬಂದವನ ತಲೆ ಒರೆಸೋಕೆ ಟವೆಲ್ ಕೊಡುವ ಮೊದಲು ಅವನು ಇಂಬಳ (ಜಿಗಣೆ) ಹತ್ತಿದೆಯಾ ಅಂತ ಕಾಲು ನೋಡಿಕೊಳ್ತಾನೆ. ಗರಿಗರಿ ಇಸ್ತ್ರಿ ಸೀರೆ ಜುಲೈಯಲ್ಲಿ ಬೇಡವೇ ಬೇಡ ಮಾರಾಯ್ರೆ.

ತುಂಗೆದಂಡೆ

ಇಬ್ಬರಿಗೂ ತುಂಬ ಥ್ಯಾಂಕ್ಸ್. ದಬ್ಬೆಸಂಕ ಅವರೇ, ಬೋರ್ಡೋ ವಿಷಯ ಕಥೆಗೇ ಸೇರಿಸಬಹುದು. ಇನ್ನೊಂದು ಪ್ರಶ್ನೆ: ಮಳೆಯಲ್ಲಿ ಮಾತು ರೆಕಾರ್ಡ್ ಮಾಡೋದು ಆಗದ ಕೆಲಸ, ಎಲ್ಲ ಡಬ್ ಮಾಡಿ ಅಂತಾರೆ. ಹಾಗೇ ಮಾಡಬೇಕಾ?

ಸದ್ದುಪೆಟ್ಟಿಗೆ, ಶಿವಮೊಗ್ಗ

ಪೂರ್ತಿ ಡಬ್ ಮಾಡಬೇಡಿ. ಡಬ್ ಮಾಡೋದು ಅಪರಾಧ ಅಲ್ಲ, ಆದ್ರೆ ನಟನಾ ಅನುಭವ ಇಲ್ಲದ ಊರಿನವರು ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಓದುವ ಹಾಗೆ ಮಾತಾಡ್ತಾರೆ. ಮಳೆಯಲ್ಲಿ ನಾವು ಸ್ವಲ್ಪ ಗಂಟಲು ಏರಿಸಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡ್ತೀವಿ. ಸ್ಟುಡಿಯೋದ ಮೌನದಲ್ಲಿ ಆ ಏರು ಬರಲ್ಲ. ಆಮೇಲೆ ಮಳೆ ಸದ್ದು ಸೇರಿಸಿದ್ರೆ, ಭೋರ್ಗರೆತದ ನಡುವೆ ಯಾರೋ ಪಿಸುಗುಟ್ಟಿದ ಹಾಗೆ ಇರುತ್ತೆ. ಎಷ್ಟೋ ಸೀರಿಯಲ್‌ಗಳಲ್ಲಿ ಕಿವಿ ಒಪ್ಪದೇ ಇರೋದು ಇಲ್ಲೇ.

ಮಾಡಬೇಕಾದ್ದು: ಮಾತಿನ ದೃಶ್ಯಗಳನ್ನು ಹಂಚಿನ ಮಾಡಿನ ಕೆಳಗೆ ಇಡಿ, ತಗಡಿನ ಕೆಳಗೆ ಬೇಡ. ತಗಡು ಬಿಟ್ಟು ಗತಿಯಿಲ್ಲ ಅಂದ್ರೆ ಅದರ ಮೇಲೆ ಎರಡು ಪದರ ಗೋಣಿಚೀಲ ಹಾಸಿ ಹಗ್ಗ ಕಟ್ಟಿ. ಹನಿಯ ಟಪಟಪ ಬಹಳ ಕಡಮೆಯಾಗುತ್ತೆ. ಬೂಮ್ ಮೈಕು ತಲೆಯಿಂದ ಒಂದೂವರೆ ಅಡಿಗಿಂತ ದೂರ ಹೋಗಬಾರದು. ಅಂಗಿಗೆ ಸಿಕ್ಕಿಸುವ ಮೈಕು ರೈನ್‌ಕೋಟಿನ ಒಳಗೆ ಇಟ್ರೆ ಬರೀ ಪರಪರ ಸದ್ದು, ಕೊಡೆ ಹಿಡಿದ ಶಾಟಿಗೆ ಮಾತೇ ಬೇಡ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು –12 ಡಿಬಿ ಹತ್ತಿರ ನಿಲ್ಲಲಿ, ಯಾರಾದ್ರೂ ಜೋರಾಗಿ ಕೂಗಿದ್ರೂ ಸದ್ದು ಒಡೆಯೋದು ಕಡಮೆ.

ಪ್ರತಿ ದೃಶ್ಯ ಮುಗಿದ ಕೂಡಲೇ, ನಟರು ಅದೇ ಭಾವದಲ್ಲಿ ಇರುವಾಗಲೇ, ಕ್ಯಾಮೆರಾ ಇಲ್ಲದೆ ಮೈಕನ್ನು ಬಾಯಿ ಹತ್ತಿರ ತಂದು ಅದೇ ಮಾತುಗಳನ್ನು ಎರಡು ಸಲ ಹೇಳಿಸಿ. ತುಟಿಗೆ ಮುಕ್ಕಾಲು ಪಾಲು ಕೂರುತ್ತೆ. ಆಮೇಲೆ ಎಲ್ಲರೂ ಸುಮ್ಮನಿದ್ದು ಆ ಜಾಗದ ಸದ್ದನ್ನೇ ಒಂದು ನಿಮಿಷ ಹಿಡೀರಿ. ಶಾಟ್‌ನಿಂದ ಶಾಟ್‌ಗೆ ಮಳೆಯ ಜೋರು ಬದಲಾಗುತ್ತೆ, ಎಡಿಟ್‌ನಲ್ಲಿ ಆ ಹರಕನ್ನು ಹೊಲಿಯೋದು ಇದೇ.

ಇನ್ನೊಂದು, ಜೀರುಂಡೆ. ಸಿದ್ಧ ಸದ್ದುಗಳ ಸಂಗ್ರಹದಿಂದ ತಂದು ಹಗಲು, ರಾತ್ರಿ, ಬೇಸಿಗೆ, ಮಳೆ ಎಲ್ಲದಕ್ಕೂ ಒಂದೇ ಜೀರುಂಡೆ ಹಾಕ್ತಾರೆ. ಜಡಿಮಳೆಯಲ್ಲಿ ಅದು ಕೇಳಲ್ಲ. ಮೊದಲ ಮಳೆಯ ರಾತ್ರಿ ಕೇಳೋದು ಕಪ್ಪೆ. ಮಳೆ ನಿಂತರೂ ಮರದ ಹನಿ ನಿಲ್ಲೋದಿಲ್ಲ ಅನ್ನೋ ಗಾದೆ ಇದೆಯಲ್ಲ, ಆ ಹನಿಯನ್ನು ನಿಮ್ಮ ಜಾಗದಲ್ಲೇ, ಕೆಸುವಿನ ಎಲೆ ಮೇಲೆ ಬೀಳೋದು, ಹಂಡೆಗೆ ಬೀಳೋದು, ದಬ್ಬೆಗೆ ಬೀಳೋದು, ಬೇರೆ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ.

ಹಿಂಬೆಳಕು, ಸಾಗರ

ಸೀರಿಯಲ್ ಮಾಡುವವರ ಕಡೆಯಿಂದಲೂ ಒಂದು ಮಾತು. ದಿನಕ್ಕೊಂದು ಕಂತು ಅಂದ್ರೆ ಸುಮಾರು 20–22 ನಿಮಿಷದ ದೃಶ್ಯ. ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ನಿಮಿಷ ಸಿಕ್ಕಿದ್ರೂ ಸಮಾಧಾನ. ಹಾಗಾಗಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡಿಸ್ತಾರೆ, ಎಲ್ಲ ದಿಕ್ಕಿಗೂ ಆಗುವ ಹಾಗೆ ಮನೆ ತುಂಬ ಸಮನಾಗಿ ಬೆಳಕು ತುಂಬ್ತಾರೆ. ಮಲೆನಾಡಿನ ಮನೆಯ ಕತ್ತಲೆ ಅಲ್ಲೇ ಸತ್ತುಹೋಗುತ್ತೆ. ಮಳೆಗಾಲದ ಮಧ್ಯಾಹ್ನ ಮೂರಕ್ಕೆ ನಡುಮನೆಯಲ್ಲಿ ದೀಪ ಹಾಕಬೇಕು, ಅದು ತೆರೆ ಮೇಲೆ ಕಾಣಬೇಕು. ಕಾಸರವಳ್ಳಿಯವರದೇ ‘ಘಟಶ್ರಾದ್ಧ’ದ ರಿಪೇರಿಯಾದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು, ನೋಡೋಕೆ ಸಿಕ್ಕಿದ್ರೆ ಬಿಡಬೇಡಿ; ಛಾಯಾಗ್ರಾಹಕ ಎಸ್. ರಾಮಚಂದ್ರ ಅವರು ಕಪ್ಪುಬಿಳುಪಿನಲ್ಲಿ ಮನೆಯೊಳಗಿನ ಕತ್ತಲನ್ನು ಹೇಗೆ ಉಳಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತೆ. ನಿಮ್ಮದು ಒಂದೇ ಕ್ಯಾಮೆರಾ, ಎರಡೇ ಲೈಟು. ಒಂದು ಕಿಟಕಿಯ ಹೊರಗೆ, ಒಂದು ಒಲೆಯ ಕಡೆ. ಉಳಿದದ್ದು ಕಪ್ಪಾಗಿರಲಿ ಬಿಡಿ.

ಆ ತಿಂಗಳಲ್ಲಿ ಕರೆಂಟ್ ನಂಬಬೇಡಿ. ಜನರೇಟರ್ ಸದ್ದು ಮೈಕಿಗೆ ಬರುತ್ತೆ. 12 ವೋಲ್ಟ್, 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್ ಇದ್ರೆ ಎರಡೂ ಲೈಟು ನಾಲ್ಕೈದು ಗಂಟೆ ಉರಿಯುತ್ತೆ. ಸೈನ್ ವೇವ್ ಇನ್ವರ್ಟರೇ ಇರಲಿ. ಸ್ಕ್ವೇರ್ ವೇವ್ ಆದ್ರೆ ರೆಕಾರ್ಡರಿನಲ್ಲಿ ಗುಂಯ್ ಅನ್ನೋ ಸದ್ದು ಕೂತುಬಿಡುತ್ತೆ, ಆಮೇಲೆ ತೆಗೆಯೋದು ಕಷ್ಟ.