5 ಅಡಿ ಅಕ್ವೇರಿಯಂ ಇರುವ ಹಾಲ್‌ಗೆ ಹೊಸ ಟೈಲ್ಸ್: ತೊಟ್ಟಿ ಖಾಲಿ ಮಾಡಲೇಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೈಸೂರಿನಲ್ಲಿ ಹಳೇ ಮನೆ, ಮೊದಲನೇ ಮಹಡಿ. ಹಾಲ್‌ನ ಮೊಸಾಯಿಕ್ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ವಿಟ್ರಿಫೈಡ್ ಟೈಲ್ಸ್ ಹಾಕಿಸೋಣ ಅಂತಿದ್ದೇವೆ. ಆದರೆ ಅಲ್ಲೇ ಗೋಡೆ ಪಕ್ಕ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಅಕ್ವೇರಿಯಂ ಇದೆ. ಎರಡು ಆಸ್ಕರ್ ಮೀನು, ಆರು ವರ್ಷದವು. ಮಗಳು ಸ್ಕೂಲಿಂದ ಬಂದ ತಕ್ಷಣ ಮೊದಲು ನೋಡೋದು ಅವನ್ನೇ. "ತೊಟ್ಟಿ ಮುಟ್ಟೋದೇ ಬೇಡ, ಸ್ಟ್ಯಾಂಡ್ ಸುತ್ತ ಕಟ್ ಮಾಡಿ ಹಾಕ್ತೀನಿ" ಅಂತಾರೆ ಮೇಸ್ತ್ರಿ. ಹಾಗೆ ಮಾಡಬಹುದಾ?

ಉತ್ತರ (ಟೈಲ್ಸ್ ಕಂಟ್ರಾಕ್ಟರ್): ಬೇಡ ಸರ್, ದಯವಿಟ್ಟು ಹಾಗೆ ಮಾಡಿಸಬೇಡಿ. ನಾನು ಇದೇ ಕೆಲಸದವನು, ಮನೆಯಲ್ಲಿ ಮೀನೂ ಸಾಕಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲು ಭಾರ ನೋಡಿ. ನಿಮ್ಮ ತೊಟ್ಟಿ 20 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಲೆಕ್ಕದಲ್ಲಿ ತುಂಬಾ ತುಂಬಿದರೆ 566 ಲೀಟರ್, ಅಂದರೆ ನೀರೇ 566 ಕೆ.ಜಿ. ಗಾಜು 12 ಎಂ.ಎಂ. ಆಗಿದ್ದರೆ ಅದು ಇನ್ನೊಂದು 100 ಕೆ.ಜಿ. ಚಿಲ್ಲರೆ. ಕಲ್ಲು, ಸ್ಟ್ಯಾಂಡ್ ಎಲ್ಲಾ ಸೇರಿದರೆ ಮುಕ್ಕಾಲು ಟನ್ ಹತ್ತಿರ. ಇಷ್ಟು ಭಾರ ಕೂತಿರುವ ನೆಲದ ಪಕ್ಕದಲ್ಲೇ ಹಳೇ ನೆಲ ಒಡೆಯುವ ಬ್ರೇಕರ್ ಮಷಿನ್ ಹಚ್ಚಿದರೆ ಅದರ ನಡುಕ ಸೀದಾ ಗಾಜಿನ ಜೋಡಣೆಗೆ ಹೋಗುತ್ತೆ. ಅಲ್ಲಿ ಹಿಡಿದಿರೋದು ಬರೀ ಸಿಲಿಕಾನ್. ಜೊತೆಗೆ ಸ್ಟ್ಯಾಂಡ್ ಅಡಿಯ ಹಳೇ ಮೊಸಾಯಿಕ್ ಅಂಚು ಸಡಿಲ ಆಗುತ್ತೆ. ಒಂದು ಕಾಲು ಒಂದೆರಡು ಎಂ.ಎಂ. ಕುಸಿದರೂ ತೊಟ್ಟಿ ತಿರುಚಿಕೊಳ್ಳುತ್ತೆ, ಜಾಯಿಂಟ್ ಬಿಡುತ್ತೆ. ಅರ್ಧ ನೀರು ಬಿಟ್ಟು ಪಕ್ಕಕ್ಕೆ ತಳ್ಳೋದೂ ಅಷ್ಟೇ ಅಪಾಯ. ಪೂರ್ತಿ ಖಾಲಿ ಮಾಡಿ, ಕಲ್ಲನ್ನೂ ತೆಗೆದು, ನಾಲ್ಕು ಜನ ಬುಡಕ್ಕೆ ಕೈ ಕೊಟ್ಟು ಎತ್ತಬೇಕು.

ಪ್ರಶ್ನೆ: ಮೀನುಗಳನ್ನು ಎಲ್ಲಿಡೋದು ಸರ್? ಕೆಲಸ ಎಷ್ಟು ದಿನ ಹಿಡಿಯುತ್ತೆ?

ಉತ್ತರ: ಟೈಲ್ಸ್ ಹಾಕೋದು ನಾಲ್ಕೈದು ದಿನ. ಆದರೆ ತೊಟ್ಟಿಯನ್ನು ವಾಪಸ್ ಇಡೋಕೆ ಎರಡು ವಾರವಾದರೂ ಕಾಯಿರಿ. ಅಂಟು ಒಂದು ದಿನಕ್ಕೆ ನಡೆದಾಡುವಷ್ಟು ಗಟ್ಟಿ ಆಗುತ್ತೆ, ಆದರೆ ಮುಕ್ಕಾಲು ಟನ್ ಹೊರುವಷ್ಟಲ್ಲ.

ಅಲ್ಲಿವರೆಗೆ 200 ಲೀಟರ್‌ನ ಎರಡು ನೀಲಿ ಡ್ರಮ್ ತಂದು, ಮೀನಿಗೊಂದರಂತೆ ಇಟ್ಟುಬಿಡಿ. ರಾಸಾಯನಿಕ ತುಂಬಿಟ್ಟಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ತೊಟ್ಟಿಯ ಹಳೇ ನೀರನ್ನೇ ತುಂಬಿ. ಆಸ್ಕರ್ ಹಾರುತ್ತವೆ, ಡ್ರಮ್ ಬಾಯಿಗೆ ಬಲೆ ಬಿಗಿಯಾಗಿ ಕಟ್ಟಿ. ಸಾಗಿಸುವ ಹಿಂದಿನ ದಿನದಿಂದ ಊಟ ನಿಲ್ಲಿಸಿ, ಡ್ರಮ್‌ನಲ್ಲಿ ಇರುವಷ್ಟು ದಿನ ಎರಡು ದಿನಕ್ಕೊಮ್ಮೆ ಸ್ವಲ್ಪ ಹಾಕಿದರೆ ಸಾಕು. ಜಾಗ ಚಿಕ್ಕದು, ಮೀನಿನ ಹೊಲಸಿನ ವಿಷ, ಅಂದರೆ ಅಮೋನಿಯಾ, ಬೇಗ ಏರುತ್ತೆ. ಅದಕ್ಕೇ ದಿನಾ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಆ್ಯಂಟಿ ಕ್ಲೋರಿನ್ ಹಾಕಿ.

ಫಿಲ್ಟರ್ ವಿಷಯ ಮಾತ್ರ ಮರೀಬೇಡಿ. ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಇರೋದು ಅದರ ಸ್ಪಂಜು, ಸೆರಾಮಿಕ್ ತುಂಡುಗಳಲ್ಲಿ. ಹೇಗೂ ಖಾಲಿ ಇದೆಯಲ್ಲ ಅಂತ ನಲ್ಲಿ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್‌ಗೆ ಅದು ಸಾಯುತ್ತೆ. ಒಣಗಲು ಬಿಟ್ಟರೂ ಸಾಯುತ್ತೆ. ಫಿಲ್ಟರನ್ನು ಒಂದು ಡ್ರಮ್‌ನಲ್ಲಿ ಓಡಿಸಿ, ಇನ್ನೊಂದಕ್ಕೆ ಅದರಲ್ಲೇ ಅರ್ಧ ಸ್ಪಂಜು ಮತ್ತು ಗಾಳಿ ಪಂಪ್ ಹಾಕಿ.

ಇನ್ನೊಬ್ಬ ಸದಸ್ಯರು: ನಮ್ಮ ಅನುಭವ ಒಂದು ಹೇಳ್ತೀನಿ. ಟೈಲ್ಸ್ ಕೆಲಸದ ಧೂಳು ಬೀಳದಿರಲಿ ಅಂತ ನಾವು ಮೀನಿನ ಟಬ್‌ಗೆ ಪ್ಲಾಸ್ಟಿಕ್ ಹೊದಿಸಿ ಪಕ್ಕದ ರೂಮಲ್ಲಿ ಇಟ್ಟಿದ್ದೆವು. ಆದರೂ ಎರಡನೇ ದಿನ ನೀರು ಮಬ್ಬಾಗಿ, ಮೀನು ಮೇಲೆ ಬಂದು ಬಾಯಿ ಬಿಡೋಕೆ ಶುರು ಮಾಡಿತು. ಆಮೇಲೆ ನೋಡಿದರೆ ಏರ್ ಪಂಪ್ ಹಾಲ್‌ನಲ್ಲೇ ಇತ್ತು. ಪೈಪ್ ಮಾತ್ರ ರೂಮಿಗೆ ಎಳೆದಿದ್ದೆವು.

ಉತ್ತರ: ಒಳ್ಳೇ ಮಾತು ಹೇಳಿದಿರಿ ಮೇಡಂ, ಇದನ್ನು ತುಂಬಾ ಜನ ಗಮನಿಸೋದಿಲ್ಲ. ಪಂಪ್ ಎಲ್ಲಿ ಕೂತಿರುತ್ತೋ ಅಲ್ಲಿಯ ಗಾಳಿಯನ್ನೇ ನೀರಿಗೆ ಊದುತ್ತೆ. ಸಿಮೆಂಟ್ ಧೂಳು ನೀರಿಗೆ ಸೇರಿದರೆ ಪಿಎಚ್ ಮೇಲೇರುತ್ತೆ, ಅಂದರೆ ನೀರು ಕ್ಷಾರ ಆಗುತ್ತೆ, ಮೀನಿಗೆ ತೊಂದರೆ. ಆದ್ದರಿಂದ ಡ್ರಮ್ಮೂ ಪಂಪೂ ಎರಡೂ ಬಾಗಿಲು ಹಾಕಿದ ದೂರದ ರೂಮಲ್ಲಿರಲಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಕೊನೇ ದಿನ ಸಿಮೆಂಟ್ ಕಲೆ ತೆಗೆಯಲು ಹುಡುಗರು ಆ್ಯಸಿಡ್ ಹಾಕ್ತಾರೆ. ಆ ಹೊಗೆಯೂ ಬೇಡ, ಬರೀ ನೀರು ಸ್ಪಂಜಲ್ಲಿ ಆಗಾಗಲೇ ಒರೆಸಿ ಅಂತ ಮೊದಲೇ ಹೇಳಿಬಿಡಿ.

ಪ್ರಶ್ನೆ: ಅರ್ಥವಾಯಿತು ಸರ್, ತೊಟ್ಟಿ ಎತ್ತಿಸ್ತೀವಿ. ಮನೆಯವರಿಗೆ ಟೈಲ್ಸ್ ಬದಲು ಮರದಂಥ ಲ್ಯಾಮಿನೇಟ್ ಇಷ್ಟ. ಅದು ಆಗುತ್ತಾ?

ಉತ್ತರ: ಈ ಹಾಲ್‌ಗೆ ಬೇಡ. ಲ್ಯಾಮಿನೇಟ್ ನೆಲಕ್ಕೆ ಅಂಟಿರೋದಿಲ್ಲ, ಸುಮ್ನೆ ಕೂತಿರುತ್ತೆ. ಹಿಗ್ಗೋಕೆ ಜಾಗ ಬೇಕು. ತೊಟ್ಟಿ ಒಂದು ಕಡೆ ಒತ್ತಿ ಹಿಡಿದರೆ ಇನ್ನೊಂದು ಕಡೆ ಏಳುತ್ತೆ. ನೀರು ಬದಲಿಸುವಾಗ ಒಂದು ಲೋಟ ಚೆಲ್ಲಿ ಸಂದಿಗೆ ಇಳಿದರೂ ಅಂಚು ಉಬ್ಬುತ್ತೆ. ಮರದ ಡಿಸೈನ್‌ನಲ್ಲೇ ಮ್ಯಾಟ್ ವಿಟ್ರಿಫೈಡ್ ಸಿಗುತ್ತೆ, ಅದನ್ನು ತೋರಿಸಿ. ಒದ್ದೆಯಾದರೂ ಕಾಲು ಜಾಸ್ತಿ ಜಾರಲ್ಲ.

ಟೈಲ್ಸ್ ಹಾಕುವ ದಿನ ನೀವು ಪಕ್ಕದಲ್ಲೇ ನಿಂತಿರಿ. ಕೆಲವರು ಟೈಲ್ ಹಿಂದೆ ನಾಲ್ಕು ಮೂಲೆಗೆ, ಮಧ್ಯಕ್ಕೆ ಅಂಟಿನ ಉಂಡೆ ಇಟ್ಟು ಒತ್ತಿಬಿಡ್ತಾರೆ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಪೊಳ್ಳು. ತೊಟ್ಟಿ ಬರುವ ಜಾಗದಲ್ಲಿ ಹಲ್ಲಿನ ಕರಣೆಯಿಂದ ಪೂರ್ತಿ ಅಂಟು ಎಳೆಸಿ, ಟೈಲ್ ಹಿಂಬದಿಗೂ ಸವರಿಸಿ. ಒಂದು ಟೈಲ್ ಹಸಿಯಾಗಿರುವಾಗಲೇ ಎತ್ತಿಸಿ ನೋಡಿ. ಹಿಂಭಾಗವೆಲ್ಲಾ ಅಂಟು ಮೆತ್ತಿರಬೇಕು. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ. ಡಬಡಬ ಅಂದರೆ ಆ ಟೈಲ್ ಕೀಳಿಸಿ, ಸಂಕೋಚ ಬೇಡ.

ಆಮೇಲೆ ಸ್ಟ್ಯಾಂಡ್ ಇಟ್ಟು ರಸಮಟ್ಟ ಹಿಡಿಸಿ. ಬರೀ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಆದರೆ ಕಾಲಿನಡಿ ಅಗಲ ಪ್ಲೇಟ್, ಅದರಡಿ ರಬ್ಬರ್ ಕೊಡಿ. ಇಲ್ಲದಿದ್ದರೆ ತುಕ್ಕು ಟೈಲ್ ಸಂದಿಗೆ ಇಳಿಯುತ್ತೆ. ಸ್ಟ್ಯಾಂಡ್ ಮೇಲೆ ಪ್ಲೈವುಡ್, ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್, ಆಮೇಲೆ ತೊಟ್ಟಿ. ಗೋಡೆ ಪಕ್ಕ, ಕೆಳಗೆ ಬೀಮ್ ಇರುವ ಕಡೆಯೇ ಇರಲಿ.

ಅರ್ಧ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎರಡೂ ತುದಿಯಲ್ಲಿ ಟೇಪ್ ಹಿಡಿದು ನೀರಿನ ಎತ್ತರ ಅಳೆಯಿರಿ. ಒಂದೇ ಇದ್ದರೆ, ಜಾಯಿಂಟ್ ಒಣಗಿದ್ದರೆ, ಪೂರ್ತಿ ತುಂಬಿಸಿ. ಡ್ರಮ್‌ನ ಫಿಲ್ಟರ್ ಒದ್ದೆಯಾಗಿರುವಾಗಲೇ ತಂದು ಹಾಕಿ, ಆಮೇಲೆ ಮೀನು ಬಿಡಿ. ಆ ದಿನ ಊಟ ಬೇಡ, ಲೈಟೂ ಹಾಕಬೇಡಿ. ಮಗಳಿಗೂ ಒಂದು ದಿನ ದೂರದಿಂದ ನೋಡೋಕೆ ಹೇಳಿ.