‘ಸುರಕ್ಷಿತ ಹಲಗೆ’ ಅಂದರೆ ಯಾರಿಂದ ಸುರಕ್ಷಿತ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ಕೋಲಾರದಲ್ಲಿ ಒಂದು ಪುಟ್ಟ ಮ್ಯೂಸಿಯಂಗೆ ಗಾಜಿನ ಪೆಟ್ಟಿಗೆ ಮಾಡಿಸುತ್ತಿದ್ದೇವೆ. ಒಳಗೆ ಬರೋದು ಶಾತವಾಹನರ ಸೀಸದ ನಾಣ್ಯ, ಒಂದಿಷ್ಟು ತಾಮ್ರ, ಬೆಳ್ಳಿ. ಆಚಾರಿಗೆ ಕೊಡುವ ಚೀಟಿಯಲ್ಲಿ ‘ಒಳಗಡೆ ಸುರಕ್ಷಿತ ಹಲಗೆ ಮಾತ್ರ ಹಾಕಿ’ ಎಂದು ಬರೆದೆ. ಅವರು ದಪ್ಪನೆಯ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ತಂದು, ಗೆಣ್ಣಿನಿಂದ ಟಕಟಕ ತಟ್ಟಿ, "ಕಲ್ಲಿದ್ದಂಗೈತೆ ಸಾರ್, ಬೀಗಾನೂ ಹಾಕ್ತೀನಿ" ಅಂದರು. ತಪ್ಪು ನನ್ನದೇ. ಸುರಕ್ಷಿತ ಅಂದರೆ ಕಳ್ಳರಿಂದ ಅಂತಲೇ ಅಲ್ವಾ?

ನಾನು ಹೇಳಬೇಕಿದ್ದದ್ದು ಬೇರೆ. ಎಂಡಿಎಫ್, ಪ್ಲೈವುಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನೋ ಅನಿಲ ಬರುತ್ತದೆ. ಅಂಟಿಲ್ಲದಿದ್ದರೂ ಮರವೇ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಅಲ್ಲೇ ಸುತ್ತಿ, ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಆಫ್‌ಗ್ಯಾಸಿಂಗ್’ ಅಂತಾರೆ. ಕನ್ನಡದಲ್ಲಿ?

ಮೊದಲು ‘ಘಾಟು’ ಹೊಳೆಯಿತು. ಹೊಸ ಬೀರು ತೆಗೆದಾಗ ಕಣ್ಣಿಗೆ ಹೊಡೆಯುತ್ತಲ್ಲ, ಅದೇ. ಆದರೆ ಘಾಟು ಹೋದರೆ ಹಲಗೆ ಸರಿಹೋಯಿತು ಅನ್ನಿಸುತ್ತದೆ. ಮೂಗಿಗೆ ಸಿಗದಷ್ಟು ಆವಿಯೂ ಲೋಹ ತಿನ್ನಬಲ್ಲದು.

ಆಮೇಲೆ ‘ಹುಳಿಗಾಳಿ’ ಅಂದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಹುಳಿಸಾರು ಇಟ್ಟರೆ ಕಿಲುಬುತ್ತೆ, ಇದೂ ಹಾಗೇ ಅಂದಾಗ ಆಚಾರಿ ತಕ್ಷಣ ಹಿಡಿದರು. "ಹಂಗಾದ್ರೆ ಹಲಗೆಗೂ ಕಲಾಯಿ ಹಾಕ್ಬೇಕಾ?" ಎಂದು ಕೇಳಿಯೂ ಬಿಟ್ಟರು. ಮರವೇ ಬೇಕೆಂದಾಗ ಅಲ್ಯೂಮಿನಿಯಂ ಹಾಳೆಯ ಪದರ ಅಂಟಿಸುವುದುಂಟು, ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಪದ ನನಗೆ ಸಿಕ್ಕಿಲ್ಲ! ತೊಡಕು ಇಷ್ಟೇ: ಬೆಳ್ಳಿ ಕಪ್ಪಾಗೋದು ಹುಳಿಯಿಂದಲ್ಲ, ಉಣ್ಣೆ ಬಟ್ಟೆ, ರಬ್ಬರ್‌ನ ಗಂಧಕದಿಂದ. ‘ಹುಳಿಗಾಳಿ’ಯಲ್ಲಿ ಅದು ಸೇರುವುದಿಲ್ಲ.

ಇನ್ನೊಂದು. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಇದೆ. ಸೀಸದ ಬಿಳಿ ಪುಡಿಗೆ ನಿಮ್ಮ ಕಡೆ ಏನಾದರೂ ಅಂತೀರಾ? ಹಲಗೆಯ ಆವಿ ಲೋಹ ತಿನ್ನುತ್ತದೋ ಇಲ್ಲವೋ ಎಂದು ನೋಡುವ ‘ಆಡಿ’ (Oddy) ಪರೀಕ್ಷೆಯ ಬಗ್ಗೆ ಬರೆಯುವಾಗ ಬೇಕು. ಅದರಲ್ಲಿ ಹಲಗೆಯ ಚೂರಿನ ಜೊತೆ ಬೆಳ್ಳಿ, ತಾಮ್ರ, ಸೀಸದ ತುಣುಕುಗಳನ್ನು ತೇವ ತುಂಬಿದ ಮುಚ್ಚಿದ ಬಾಟಲಿಯಲ್ಲಿ 60 ಡಿಗ್ರಿ ಶಾಖದಲ್ಲಿ 28 ದಿನ ಇಡುತ್ತಾರೆ. ಮೂರರ ಮೇಲೂ ಏಳುವುದಕ್ಕೆ ಸುಮ್ನೆ ‘ತುಕ್ಕು’ ಅನ್ನಲು ಕೈ ಬರುತ್ತಿಲ್ಲ.

ಸದ್ಯಕ್ಕೆ ‘ಸುರಕ್ಷಿತ’ ಹೊಡೆದುಹಾಕಿ, ಗಾಜು, ಅಲ್ಯೂಮಿನಿಯಂ ಶೀಟು ಎಂದು ಹೆಸರೇ ಬರೆದುಕೊಟ್ಟಿದ್ದೇನೆ. ಎಂಡಿಎಫ್ ವಾಪಸು ಹೋಯಿತು.