ಪ್ರಶ್ನೋತ್ತರ: ಹೆಣ್ಣು ಮೊಲಕ್ಕೆ ಆಪರೇಷನ್ ಬೇಕಾ?

ಅಡ್ಮಿನ್: ಬೆಳಗಾವಿಯ ಮೊಲ ಸಾಕುವ ಎಲ್ಲರಿಗೂ ನಮಸ್ಕಾರ. ರಾತ್ರಿ ಎಂಟರಿಂದ ಪಶುವೈದ್ಯೆ ಡಾಕ್ಟರ್ ಮೇಡಂ ಇಲ್ಲೇ ಇರ್ತಾರೆ. ಹೆಣ್ಣು ಮೊಲದ ಗರ್ಭಕೋಶ ತೆಗೆಸುವ ಬಗ್ಗೆ ಕೇಳಿ. ಗುಡ್ ನೈಟ್ ಫೋಟೋ ಬೇಡ.

ಬಿಳಿಕಿವಿ, ಟಿಳಕವಾಡಿ: ಮೇಡಂ, ನಮ್ಮದಕ್ಕೆ ಏಳು ತಿಂಗಳು. ಒಂದೇ ಇದೆ, ಗಂಡು ಇಲ್ಲ. ಆದರೂ ಮಾಡಿಸಬೇಕಾ?

ಡಾಕ್ಟರ್: ಮಾಡಿಸಿದರೆ ಒಳ್ಳೇದು. ಮರಿ ತಪ್ಪಿಸೋಕೆ ಮಾತ್ರ ಅಲ್ಲ ಇದು. ಮೂರು ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬರೋದು ಜಾಸ್ತಿ, ಗಂಡು ಜೊತೆಗಿರಲಿ ಬಿಡಲಿ. ಈಗಿನ ವಯಸ್ಸಿನಲ್ಲಿ, ಹೊಟ್ಟೆಯೊಳಗೆ ಕೊಬ್ಬು ತುಂಬುವ ಮೊದಲು ಮಾಡಿದರೆ ಕೆಲಸ ಸುಲಭ. ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ರೂಢಿ ಇರುವವರ ಹತ್ತಿರವೇ ಹೋಗಿ. "ಇಲ್ಲಿವರೆಗೆ ಎಷ್ಟು ಮೊಲ ಮಾಡಿದ್ದೀರಿ" ಅಂತ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಸಿಟ್ಟು ಬಂದರೆ ಬೇರೆ ದವಾಖಾನೆ ನೋಡಿ.

ಕುಂದಾ ಪ್ರೇಮಿ: ರೇಟ್ ಎಷ್ಟು?

ಡಾಕ್ಟರ್: ಮೊಲ ನೋಡದೆ ಹೇಳೋದಿಲ್ಲ.

ಗೋಕಾಕ ಜೋಡಿ: ನಮ್ಮಲ್ಲಿ ಗಂಡು ಹೆಣ್ಣು ಎರಡೂ ಇವೆ. ಹೆಣ್ಣು ಇವತ್ತು ಮುಂಜಾನೆ ಮರಿ ಹಾಕಿತು. ಗಂಡಿನ ಆಪರೇಷನ್ ಸಣ್ಣದಂತೆ. ಅದನ್ನು ಮಾಡಿಸಿ ಮಾರನೇ ದಿನ ಜೊತೆಗೆ ಬಿಡಬಹುದಾ?

ಡಾಕ್ಟರ್: ಬಿಡಬೇಡಿ. ಗಂಡನ್ನು ಈಗಲೇ ಬೇರೆ ಮಾಡಿ. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ಆಗಬಹುದು, ಸುಮಾರು 31 ದಿನಕ್ಕೆ ಇನ್ನೊಂದು ಸೂಲು. ಗಂಡಿಗೆ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರ ದೂರ ಇಡಿ. ಹೆಣ್ಣಿನ ಕ್ಯಾನ್ಸರ್ ಚಿಂತೆ ಇದರಿಂದ ತೀರೋದಿಲ್ಲ.

ಮಗ್ಗದ ಮನೆ, ಶಹಾಪುರ: ಮೇಡಂ, ನಮ್ಮ ಮೊಲದ ಹೆಸರು ಗುಂಡಿ, ಅದಕ್ಕೆ ನಾಲ್ಕು ವರ್ಷ. ಗಂಡು ಮೊಲದ ಮುಖ ಕಂಡಿಲ್ಲ. ಹೋದ ತಿಂಗಳು ಎದೆಯ ಕೂದಲು ಕಿತ್ತುಕೊಂಡು, ಬಾಯಿ ತುಂಬ ಹುಲ್ಲು ಕಚ್ಚಿ ಮಂಚದ ಕೆಳಗೆ ಗೂಡು ಕಟ್ಟಿತು. ಎರಡು ವಾರಕ್ಕೆ ಸುಮ್ಮನಾಯಿತು. ಈಗ ಆಗಾಗ ಉಚ್ಚೆ ಕೆಂಪಗಿರುತ್ತದೆ. ಗಜ್ಜರಿ ತಿಂದು ಹಾಗಾಗಿದೆ ಅಂತಾರೆ ಅತ್ತೆ. ಈ ವಯಸ್ಸಿಗೆ ಕೊಯ್ಸೋದು ಪಾಪ ಅಂತಲೂ ಅಂತಾರೆ.

ಡಾಕ್ಟರ್: ಅಕ್ಕಾ, ಇದನ್ನು ಬಿಡಬೇಡಿ. ಗೂಡು ಕಟ್ಟಿದ್ದು ಸುಳ್ಳು ಬಸಿರು. ಅದೊಂದೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ನನ್ನ ಚಿಂತೆ ಕೆಂಪು ಉಚ್ಚೆಯದ್ದು. ನಿಮ್ಮ ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆಲವು ಸಲ ತಿಂದ ಸೊಪ್ಪು ತರಕಾರಿಯಿಂದಲೇ ಮೊಲದ ಉಚ್ಚೆ ಕೇಸರಿ, ಕೆಂಪು ಆಗುತ್ತದೆ. ಆಗ ಮೊದಲಿಂದ ಕೊನೆತನಕ ಒಂದೇ ಬಣ್ಣ ಇರುತ್ತದೆ. ಗರ್ಭಕೋಶದ ರಕ್ತ ಹಾಗಲ್ಲ. ಉಚ್ಚೆ ಮಾಮೂಲಿ ಬಣ್ಣದಲ್ಲಿ ಬಂದು, ಕೊನೆಗೆ ಗೆರೆ ಗೆರೆಯಾಗಿ ಇಲ್ಲ ಹೆಪ್ಪಾಗಿ ರಕ್ತ ಬೀಳುತ್ತದೆ. ಒಂದು ವಾರ ಬರುತ್ತದೆ, ನಿಲ್ಲುತ್ತದೆ. ನಿಂತಾಗ ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ. ಈಗಲೇ ಪಂಜರದಲ್ಲಿ ಬಿಳಿ ಬಟ್ಟೆ ಹಾಸಿ ನೋಡಿ. ರಕ್ತವೇ ಆದರೆ ಹೊಟ್ಟೆಯ ಸ್ಕ್ಯಾನ್ ಬೇಕು, ಎದೆಯ ಎಕ್ಸ್-ರೇನೂ ಬೇಕು. ಈ ಕ್ಯಾನ್ಸರ್ ಹಬ್ಬಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎದೆ ಸ್ವಚ್ಛ ಇದ್ದರೆ ನಾಲ್ಕು ವರ್ಷ ದೊಡ್ಡ ವಯಸ್ಸಲ್ಲ, ಗರ್ಭಕೋಶ ತೆಗೆದರೆ ಉಳಿಯೋ ಅವಕಾಶ ಚೆನ್ನಾಗಿದೆ. ಪಾಪದ ಲೆಕ್ಕ ಆಮೇಲೆ ಮಾಡೋಣ.

ಮನೆಮದ್ದು ಮಾಮಾ: ಫಾರ್ವರ್ಡ್ ಬಂದದ್ದು. ಮೊಲದ ಕೆಂಪು ಉಚ್ಚೆಗೆ ದಾಸವಾಳದ ಎಲೆ ರಸ, ಅರ್ಧ ಚಮಚ ಔಡಲೆಣ್ಣೆ. ಮೂರು ದಿನದಲ್ಲಿ ಗುಣ. ಹತ್ತು ಗುಂಪಿಗೆ ಕಳಿಸಿ.

ಡಾಕ್ಟರ್: ಯಾವ ಗುಂಪಿಗೂ ಕಳಿಸಬೇಡಿ. ಮೊಲಕ್ಕೆ ವಾಂತಿ ಮಾಡೋಕೆ ಬರೋದಿಲ್ಲ. ಒಳಗೆ ಹೋದದ್ದು ಒಳಗೇ. ಹಾಗೇ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಕೂಡ ಬಾಯಿಗೆ ಹಾಕಬೇಡಿ. ಕರುಳು ಕೆಟ್ಟು ಭೇದಿ ಹತ್ತಿ ಮೊಲವೇ ಹೋಗುತ್ತದೆ.

ಬೈಲಹೊಂಗಲ ಫಾರ್ಮ್: ಇದೆಲ್ಲ ಪ್ಯಾಟಿಯವರ ಚಿಂತೆ. ಒಂದು ಸೂಲು ಆಗಲಿ, ಗಡ್ಡೆಗಿಡ್ಡೆ ಏನೂ ಬರೋದಿಲ್ಲ. ಎಪ್ಪತ್ತು ಮೊಲ ಇವೆ ನಮ್ಮಲ್ಲಿ, ಒಂದಕ್ಕೂ ಬಂದಿಲ್ಲ.

ಬಿಳಿಕಿವಿ, ಟಿಳಕವಾಡಿ: ಅಣ್ಣಾ, ನಿಮ್ಮಲ್ಲಿ ನಾಲ್ಕು ವರ್ಷ ಬದುಕಿದ ಮೊಲ ಯಾವುದು ಹೇಳಿ ನೋಡೋಣ.

ಬೈಲಹೊಂಗಲ ಫಾರ್ಮ್: ಮಾತು ಸರಿ ಇರಲಿ ತಂಗಿ. ನಾವೂ ಹೊಟ್ಟೆಪಾಡಿಗೆ ಸಾಕಿದ್ದು.

ಬಿಳಿಕಿವಿ, ಟಿಳಕವಾಡಿ: ಅದಕ್ಕೇ ಹೇಳಿದ್ದು. ಆರು ತಿಂಗಳಿಗೆ ಮಾರಿಬಿಟ್ಟರೆ ಕ್ಯಾನ್ಸರ್ ಬರೋಕೆ ಪುರುಸೊತ್ತೆಲ್ಲಿ?

ಮನೆಮದ್ದು ಮಾಮಾ: ಹಿಂದಿನ ಕಾಲದಲ್ಲಿ ಆಪರೇಷನ್ ಇತ್ತಾ?

ಗೋಕಾಕ ಜೋಡಿ: ಹಿಂದಿನ ಕಾಲದಲ್ಲಿ ವಾಟ್ಸಾಪ್ ಇತ್ತಾ ಮಾಮಾ?

ಕುಂದಾ ಪ್ರೇಮಿ: ಮೊಲಕ್ಕೆ ಚುರುಮುರಿ ಕೊಡಬಹುದಾ?

ಅಡ್ಮಿನ್: ಜಗಳ ನಿಲ್ಲಿಸಿ. ಪ್ರಶ್ನೆ ಇದ್ದವರು ಮಾತ್ರ ಬರೀರಿ.

ಡಾಕ್ಟರ್: ಒಂದು ಸೂಲು ಆದರೆ ಕ್ಯಾನ್ಸರ್ ಬರೋದಿಲ್ಲ ಅನ್ನೋದು ತಪ್ಪು. ಇದನ್ನು ಮತ್ತೆ ಬರೆಸಬೇಡಿ ನನ್ನ ಕೈಲಿ.

ಕ್ಯಾಂಪ್ ಹುಡುಗ: ಮೇಡಂ, ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಕಲ್ವಾ? ನಮ್ಮ ನಾಯಿಗೆ ಹಾಗೇ ಹೇಳಿದ್ದರು.

ಡಾಕ್ಟರ್: ನಾಯಿಯ ಲೆಕ್ಕ ಮೊಲಕ್ಕೆ ನಡೆಯೋದಿಲ್ಲ. ಉಪವಾಸ ಇಟ್ಟರೆ ಕರುಳು ನಿಲ್ಲುತ್ತದೆ. ಕೊನೆತನಕ ಒಣಹುಲ್ಲು ಇರಲಿ. ಬರುವಾಗ ಅದಕ್ಕೆ ಇಷ್ಟದ ಸೊಪ್ಪು ಚೀಲದಲ್ಲಿ ತನ್ನಿ, ಎಚ್ಚರ ಆದ ಮೇಲೆ ಬೇಗ ತಿನ್ನಬೇಕು. ಮನೆಗೆ ಹೋದ ಮೇಲೆ ಹಿಕ್ಕೆ ಬೀಳುತ್ತಿದೆಯಾ ನೋಡಿ. ಹನ್ನೆರಡು ತಾಸು ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಬೆಳಗಾಗಲಿ ಅಂತ ಕಾಯಬೇಡಿ. ನೋವಿನ ಔಷಧಿ ನಾವು ಕೊಟ್ಟದ್ದು ಮಾತ್ರ.

ಖಾನಾಪುರ ರೋಡ್: ಉಪವಾಸ ಎಷ್ಟು ತಾಸು ಮೇಡಂ?

ಡಾಕ್ಟರ್: ಮೇಲೆ ಓದಿ.

ಕುಂದಾ ಪ್ರೇಮಿ: ರೇಟ್?

ಡಾಕ್ಟರ್: ಮೇಲೆ ಓದಿ.

ಬೈಲಹೊಂಗಲ ಫಾರ್ಮ್: ಹಾಗಾದರೆ ದಾಸವಾಳದ ರಸ ಒಂದಾದರೂ ಕುಡಿಸಬಹುದಲ್ಲ?

ಡಾಕ್ಟರ್: ನಿಮ್ಮ ಮೊಲಕ್ಕೆ ಹುಷಾರಿಲ್ಲದಿದ್ದರೆ ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ಬೇರೆಯವರಿಗೆ ಬರೆಯೋಕೆ ಜಾಗ ಬಿಡಿ.

ಮಗ್ಗದ ಮನೆ, ಶಹಾಪುರ: ಮೇಡಂ, ಮಾವನ ಹಳೇ ಧೋತರ ಹಾಸಿದ್ದೆ. ಈಗ ಉಚ್ಚೆ ಹೊಯ್ತು. ಮೊದಲು ಹಳದಿ. ಅದರ ಅಂಚಿಗೆ ಜೋಳದ ಕಾಳಿನಷ್ಟು ಎರಡು ಹೆಪ್ಪು, ಕಪ್ಪುಗೆಂಪು. ಅತ್ತೆನೂ ಬಗ್ಗಿ ನೋಡಿದರು. ಏನೂ ಅನ್ನಲಿಲ್ಲ.

ಡಾಕ್ಟರ್: ಧೋತರ ತೊಳೀಬೇಡಿ, ಹಾಗೇ ತನ್ನಿ. ನಾಳೆ ಬಿಸಿಲೇರುವ ಮುಂಚೆ ಬನ್ನಿ. ರಕ್ತ ಜಾಸ್ತಿ ಆದರೆ, ಒಸಡು ಬಿಳಿಚಿಕೊಂಡರೆ ಈಗಲೇ ಫೋನ್ ಮಾಡಿ. ಅದು ತಿಂತಾ ಇದೆಯಾ?

ಮಗ್ಗದ ಮನೆ, ಶಹಾಪುರ: ತಿಂತಾ ಇದೆ. ಅತ್ತೆ ಮೆಂತ್ಯೆ ಸೊಪ್ಪು ಹಿಡಿದು ಕೂತಿದ್ದಾರೆ.

ಕುಂದಾ ಪ್ರೇಮಿ: ಅಂದಾಜು ರೇಟ್ ಹೇಳಿದರೂ ಸಾಕು ಮೇಡಂ.